ಜೂಲಿಯಾ ಪ್ಲಾಟ್: ದವಡೆಯ ಮೂಲ ಕಂಡ ಮೇಯರ್

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾಂಟೆರೆ ಕೊಲ್ಲಿಯ ದಂಡೆಗೆ ಅಂಟಿಕೊಂಡಿರುವ ಪುಟ್ಟ ಪಟ್ಟಣ ಪೆಸಿಫಿಕ್ ಗ್ರೋವ್. ಅಲ್ಲಿನ ಲವರ್ಸ್ ಪಾಯಿಂಟ್ ಎಂಬ ಕಡಲಂಚಿನಲ್ಲಿ ಜನರು ನೀರಿಗಿಳಿಯಲು ಬಳಸುತ್ತಿದ್ದ ದಾರಿಗೆ 1930ರ ದಶಕದ ಆರಂಭದಲ್ಲಿ ಖಾಸಗಿ ಗೇಟು ಬಿತ್ತು, ಗೇಟಿಗೆ ಬೀಗವೂ ಬಿತ್ತು. ಪಟ್ಟಣದ ಜನ ಗೊಣಗುತ್ತಾ ಹಿಂದಿರುಗಿದರು. ಎಪ್ಪತ್ತು ದಾಟಿದ ಒಬ್ಬ ಮಹಿಳೆ ಮಾತ್ರ ಹಿಂದಿರುಗಲಿಲ್ಲ. ಕಡಲ ತೀರ ಸಾರ್ವಜನಿಕರದ್ದೆಂದು ಹಳೆಯ ದಸ್ತಾವೇಜುಗಳೇ ಹೇಳುತ್ತವೆ ಎಂಬುದು ಆಕೆಯ ವಾದ. ಬೀಗ ಮುರಿದರು, ಮತ್ತೆ ಮುಚ್ಚಿದಾಗ ಕೊಡಲಿ ತಂದು ಗೇಟನ್ನೇ ಕಡಿದರು. ಅದೇ 1931ರಲ್ಲಿ ಊರಿನವರು ಆಕೆಯನ್ನು ಮೇಯರ್ ಆಗಿ ಆರಿಸಿದರು. ಪೆಸಿಫಿಕ್ ಗ್ರೋವ್‌ಗೆ ಅವರೇ ಮೊದಲ ಮಹಿಳಾ ಮೇಯರ್.

ಕೊಡಲಿ ಹಿಡಿದ ಈ ವೃದ್ಧೆ ಮೂವತ್ತೆಂಟು ವರ್ಷಗಳ ಹಿಂದೆ ಯುರೋಪಿನ ಭ್ರೂಣಶಾಸ್ತ್ರಜ್ಞರ ನಿದ್ದೆಗೆಡಿಸಿದ್ದರು ಎಂಬುದು ಊರಿನ ಬಹುತೇಕರಿಗೆ ತಿಳಿದಿರಲಾರದು. ಇಂದು ಪ್ರಯೋಗಾಲಯಗಳಲ್ಲಿ ಇಲಿಯ ಭ್ರೂಣದ ಮುಖ ಹೇಗೆ ರೂಪುಗೊಳ್ಳುತ್ತದೆ, ಅದರ ಹಿಂದೆ ಯಾವ ವಂಶವಾಹಿಗಳ ಹಿಡಿತವಿದೆ ಎಂದು ಹುಡುಕುವ ವಿಜ್ಞಾನಿಗಳು ಯಾವ ಮಾತನ್ನು ನಿರ್ವಿವಾದವೆಂದು ಒಪ್ಪಿ ಕೆಲಸ ಆರಂಭಿಸುತ್ತಾರೋ, ಆ ಮಾತನ್ನು 1893ರಲ್ಲಿ ಹೇಳಿ ಪೆಟ್ಟು ತಿಂದವರು ಜೂಲಿಯಾ ಬಾರ್ಲೋ ಪ್ಲಾಟ್.

ಅವರು ಹುಟ್ಟಿದ್ದು 1857ರ ಸೆಪ್ಟೆಂಬರ್ 14ರಂದು, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ. ಬೆಳೆದದ್ದು ದೇಶದ ಇನ್ನೊಂದು ತುದಿಯ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ. ಅಲ್ಲಿನ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, 1887ರಲ್ಲಿ ಹಾರ್ವರ್ಡ್ ಅನೆಕ್ಸ್ ಸೇರಿದರು. ಹಾರ್ವರ್ಡ್ ವಿಶ್ವವಿದ್ಯಾಲಯ ಆಗ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿರಲಿಲ್ಲ. ಅನೆಕ್ಸ್ ಎಂಬುದು ಪಕ್ಕದ ಕಿಂಡಿ. ಅಲ್ಲಿ ಪಾಠ ಸಿಗುತ್ತಿತ್ತು, ಹಾರ್ವರ್ಡ್ ಪದವಿ ಸಿಗುತ್ತಿರಲಿಲ್ಲ. ಆ ಕಿಂಡಿಯಿಂದಲೇ ಪ್ಲಾಟ್ ತುಲನಾತ್ಮಕ ಪ್ರಾಣಿಶಾಸ್ತ್ರ ಸಂಗ್ರಹಾಲಯದ ಪ್ರಯೋಗಾಲಯ ಸೇರಿ ಕೋಳಿಯ ಭ್ರೂಣವನ್ನು ಕೈಗೆತ್ತಿಕೊಂಡರು. 1889ರಲ್ಲಿ ಪ್ರಕಟವಾದ ಮೊದಲ ದೊಡ್ಡ ಪ್ರಬಂಧ ಭ್ರೂಣದ ದೇಹ ಹೇಗೆ ಖಂಡಖಂಡವಾಗಿ ವಿಭಾಗಗೊಳ್ಳುತ್ತದೆ ಎಂಬುದನ್ನು ಕುರಿತದ್ದು.

ಮುಂದಿನ ಹತ್ತು ವರ್ಷ ಅವರದು ಅಲೆಮಾರಿ ವಿದ್ವತ್ತು. ವುಡ್ಸ್ ಹೋಲ್‌ನ ಕಡಲ ಜೀವಶಾಸ್ತ್ರ ಪ್ರಯೋಗಾಲಯ, ಷಿಕಾಗೋ, ಜರ್ಮನಿಯ ಫ್ರೈಬರ್ಗ್ ಮತ್ತು ಮ್ಯೂನಿಕ್, ಇಟಲಿಯ ನೇಪಲ್ಸ್. ಎಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳಲು ಜಾಗ ಸಿಕ್ಕಿತೋ ಅಲ್ಲಿಗೆ ಪೆಟ್ಟಿಗೆ ಹೊತ್ತು ಹೊರಟರು. ಶಾರ್ಕ್ ಜಾತಿಯ ಸಣ್ಣ ಮೀನೊಂದರ ಭ್ರೂಣದಲ್ಲಿ ತಲೆಯ ಮುಂಭಾಗದಲ್ಲಿರುವ ಪುಟ್ಟ ಪೊಳ್ಳನ್ನು ಅವರು ಗುರುತಿಸಿದರು. ಅಂಗರಚನಾ ಶಾಸ್ತ್ರದಲ್ಲಿ ಅದಕ್ಕೆ ಈಗಲೂ ಪ್ಲಾಟ್ ಅವರದೇ ಹೆಸರು. ಆದರೆ ಅವರ ನಿಜವಾದ ಸಾಹಸ ನಡೆದದ್ದು ಬೇರೊಂದು ಪ್ರಾಣಿಯಲ್ಲಿ.

ಆ ಸಾಹಸ ಎಂಥದ್ದೆಂದು ಅರಿಯಲು ಅಂದಿನ ಭ್ರೂಣಶಾಸ್ತ್ರದ ಮಡಿವಂತಿಕೆಯನ್ನು ಸ್ವಲ್ಪ ತಿಳಿದಿರಬೇಕು. ಭ್ರೂಣದಲ್ಲಿ ಮೊದಲಿಗೆ ಮೂರು ಪದರಗಳು ಮೂಡುತ್ತವೆ. ಹೊರಪದರದಿಂದ ಚರ್ಮ ಮತ್ತು ನರಮಂಡಲ, ಒಳಪದರದಿಂದ ಕರುಳು ಮತ್ತದರ ಬಳಗ, ನಡುಪದರದಿಂದ ಸ್ನಾಯು, ರಕ್ತ, ಮೂಳೆ, ಮೃದ್ವಸ್ಥಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಬರೀ ವಿವರಣೆಯಾಗಿ ಉಳಿಯಲಿಲ್ಲ, ಶಾಸನವಾಯಿತು. ಎಲ್ಲ ಪ್ರಾಣಿಗಳಲ್ಲೂ ಪದರಗಳ ಕುಲಕಸುಬು ಒಂದೇ, ಒಂದರ ಕೆಲಸವನ್ನು ಇನ್ನೊಂದು ಮಾಡದು ಎಂಬ ನಂಬಿಕೆ. ವಿಕಾಸವಾದದ ವಂಶವೃಕ್ಷಗಳನ್ನು ಬಿಡಿಸುತ್ತಿದ್ದವರಿಗೂ ಈ ಶಾಸನ ಬೇಕಾಗಿತ್ತು. ಅಸ್ಥಿಪಂಜರ ನಡುಪದರದ್ದು ಎಂಬುದನ್ನು ಪ್ರಶ್ನಿಸುವುದೆಂದರೆ ಕಟ್ಟಡದ ಅಡಿಗಲ್ಲನ್ನು ಅಲುಗಿಸಿದಂತೆ.

ಈ ಮೂರು ಪದರಗಳ ಲೆಕ್ಕಕ್ಕೆ ಸರಿಯಾಗಿ ಒಗ್ಗದ ಒಂದು ಅಂಚೂ ಭ್ರೂಣದಲ್ಲಿತ್ತು. ಮಿದುಳು ಮತ್ತು ಬೆನ್ನುಹುರಿಯಾಗಬೇಕಾದ ಹೊರಪದರ ಮಡಚಿಕೊಂಡು ಕೊಳವೆಯಾಗುವಾಗ, ಮಡಿಕೆಯ ಎರಡು ತುದಿಗಳು ಸೇರುವ ಮೇಲಂಚಿನಲ್ಲಿ ಒಂದು ಪಟ್ಟಿ ಜೀವಕೋಶಗಳು ಬೇರೆಯಾಗಿ ಕಾಣುತ್ತವೆ. ಸ್ವಿಸ್ ಅಂಗರಚನಾ ಶಾಸ್ತ್ರಜ್ಞ ವಿಲ್ಹೆಲ್ಮ್ ಹಿಸ್ 1868ರಲ್ಲಿ ಕೋಳಿಯ ಭ್ರೂಣದಲ್ಲಿ ಅದನ್ನು ಗುರುತಿಸಿದ್ದರು. ಮುಂದೆ ಅದಕ್ಕೆ ನ್ಯೂರಲ್ ಕ್ರೆಸ್ಟ್ ಎಂಬ ಹೆಸರು ನಿಂತಿತು. ಕನ್ನಡದಲ್ಲಿ ನರಶಿಖೆ ಎನ್ನಬಹುದು. ಈ ಶಿಖೆಯ ಕೋಶಗಳಿಂದ ನರಗ್ರಂಥಿಗಳು ಹುಟ್ಟುತ್ತವೆ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ನರಮಂಡಲದ ಪಕ್ಕದ ಕೋಶಗಳು ನರವಾಗುವುದರಲ್ಲಿ ಅಚ್ಚರಿಯೇನು?

ಪ್ಲಾಟ್ ಆರಿಸಿಕೊಂಡ ಪ್ರಾಣಿ ನೆಕ್ಟೂರಸ್. ಅಮೆರಿಕದ ಕೆರೆ-ಹೊಳೆಗಳ ತಳದಲ್ಲಿ ವಾಸಿಸುವ, ಬದುಕಿಡೀ ಕಿವಿರು ಉಳಿಸಿಕೊಳ್ಳುವ ಸಾಲಮಾಂಡರ್ ಜಾತಿ ಇದು. ಇದರ ಮೊಟ್ಟೆ ದೊಡ್ಡದು, ಕೋಶಗಳೂ ದೊಡ್ಡವು. ಎಲ್ಲಕ್ಕಿಂತ ಮುಖ್ಯವಾಗಿ, ಅವುಗಳೊಳಗೆ ಮೊಟ್ಟೆಯ ಹಳದಿಯ ಕಣಗಳು ಬಹುಕಾಲ ಉಳಿಯುತ್ತವೆ. ಪ್ಲಾಟ್ ಒಂದು ಸಂಗತಿಯನ್ನು ಗಮನಿಸಿದರು. ಹೊರಪದರದ ಕೋಶಗಳಲ್ಲಿ ಈ ಕಣಗಳು ಸಣ್ಣವು, ಒಳಗಿನ ಪದರಗಳ ಕೋಶಗಳಲ್ಲಿ ದೊಡ್ಡವು. ಅಂದರೆ ಪ್ರತಿ ಕೋಶವೂ ತನ್ನ ತವರಿನ ಗುರುತನ್ನು ಒಡಲಲ್ಲಿಟ್ಟುಕೊಂಡು ಹೊರಟಿದೆ. ಎಲ್ಲಿಗೇ ವಲಸೆ ಹೋದರೂ, ಹಳದಿ ಕರಗುವವರೆಗೆ, ಅದು ಎಲ್ಲಿಂದ ಬಂದಿತೆಂದು ಹೇಳಬಹುದು.

ಹೀಗೆ ಗುರುತು ಹಿಡಿದು ಅವರು ಹಂತಹಂತದ ಭ್ರೂಣಗಳನ್ನು ತೆಳುವಾಗಿ ಸೀಳಿ ನೋಡುತ್ತಾ ಹೋದರು. ಸಣ್ಣ ಕಣಗಳ ಕೋಶಗಳು ತಲೆಯ ಹೊರಪದರದಿಂದ ಕಳಚಿಕೊಂಡು ಕೆಳಗಿಳಿದು, ದವಡೆಯಾಗುವ ಮತ್ತು ಕಿವಿರಿನ ಕಮಾನುಗಳಾಗುವ ಜಾಗದಲ್ಲಿ ಗುಂಪುಗೂಡಿದ್ದವು. ಅಲ್ಲಿ ಅವು ಮೃದ್ವಸ್ಥಿಯಾಗುತ್ತಿದ್ದವು. ಹಲ್ಲಿನ ದಂತದ್ರವ್ಯವನ್ನು ಕಟ್ಟುವ ಕೋಶಗಳೂ ಅದೇ ಮೂಲದವು ಎಂದು ಪ್ಲಾಟ್ ತೀರ್ಮಾನಿಸಿದರು. ಅಸ್ಥಿಪಂಜರದ ಒಂದು ಭಾಗ ನಡುಪದರದ್ದಲ್ಲ, ಹೊರಪದರದ್ದು! ಹೊರಪದರದಿಂದ ಬಂದು ನಡುಪದರದಂತೆ ನಡೆದುಕೊಳ್ಳುವ ಈ ಕೋಶಗಳಿಗೆ ಅವರು ಮೆಸೆಕ್ಟೋಡರ್ಮ್ ಎಂಬ ಹೊಸ ಹೆಸರನ್ನೂ ಕೊಟ್ಟರು. 1893ರಲ್ಲಿ ಜರ್ಮನಿಯ ಅನಾಟೋಮಿಷರ್ ಅನ್‌ಝೈಗರ್ ಪತ್ರಿಕೆಯಲ್ಲಿ ಇದು ಅಚ್ಚಾದಾಗ ಲೇಖನದ ಗಾತ್ರ ಕೇವಲ ನಾಲ್ಕು ಪುಟ.

ಪ್ರತಿಕ್ರಿಯೆ ನಾಲ್ಕು ಪುಟಕ್ಕೆ ನಿಲ್ಲಲಿಲ್ಲ. ಬಹುಪಾಲು ಹಿರಿಯ ಭ್ರೂಣಶಾಸ್ತ್ರಜ್ಞರು ಇದನ್ನು ತಳ್ಳಿಹಾಕಿದರು, ಕೆಲವರು ಬಿರುಸಾಗಿಯೇ. ಬೆಂಬಲಕ್ಕೆ ನಿಂತವರು ಮ್ಯೂನಿಕ್‌ನ ಕುಪ್ಫರ್ ಅವರಂಥ ಬೆರಳೆಣಿಕೆಯ ಮಂದಿ. ವಿರೋಧಿಸಿದವರೆಲ್ಲ ಹಟಮಾರಿಗಳೆಂದು ಈಗ ಕುಳಿತು ತೀರ್ಪು ಕೊಡುವುದು ಸುಲಭ, ಆದರೆ ಅದು ಪೂರ್ತಿ ನ್ಯಾಯವಲ್ಲ. ಸತ್ತ ಭ್ರೂಣಗಳ ಸಾಲು ಚೂರುಗಳಿಂದ ಬದುಕಿದ ಕೋಶದ ನಡಿಗೆಯನ್ನು ಊಹಿಸಬೇಕಾಗಿದ್ದ ಕಾಲವದು. ಹಳದಿಯ ಕಣ ಕರಗುತ್ತಾ ಹೋಗುವ ಗುರುತು. ಅದರ ಮೇಲೆ ಎಷ್ಟು ಭರವಸೆ ಇಡಬಹುದು ಎಂಬ ಪ್ರಶ್ನೆ ಸುಳ್ಳಲ್ಲ. ಪ್ಲಾಟ್ ಅವರ ವಿವರಗಳೆಲ್ಲವೂ ಉಳಿದಿಲ್ಲ ಎಂಬುದನ್ನೂ ಹೇಳಬೇಕು. ತಲೆಯ ಪಕ್ಕದ ಹೊರಪದರದಿಂದಲೂ ಈ ಕೋಶಗಳು ಧಾರಾಳವಾಗಿ ಬರುತ್ತವೆ ಎಂದು ಅವರು ಬಗೆದಿದ್ದರು. ಶಿಖೆಯೇ ಪ್ರಧಾನ ಮೂಲವೆಂಬುದು ನಂತರದ ತಿಳಿವಳಿಕೆ. ಆದರೆ ಪ್ರಶ್ನೆಯ ತಿರುಳಿನಲ್ಲಿ ಅವರು ಸರಿಯಿದ್ದರು, ಶಾಸನ ತಪ್ಪಿತ್ತು.

ಅವರು ಸುಮ್ಮನಾಗಲೂ ಇಲ್ಲ. ನೆಕ್ಟೂರಸ್‌ನ ತಲೆಬುರುಡೆಯ ಬೆಳವಣಿಗೆಯ ಮೇಲೆ 1897ರಲ್ಲಿ ಇನ್ನೂ ವಿಸ್ತಾರವಾದ ಪ್ರಬಂಧ ಬರೆದು ತಮ್ಮ ನಿಲುವನ್ನು ಚಿತ್ರಸಹಿತ ಪುನಃ ಸ್ಥಾಪಿಸಿದರು. ಮರುವರ್ಷ ಫ್ರೈಬರ್ಗ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. ಜರ್ಮನ್ ವಿಶ್ವವಿದ್ಯಾಲಯವೊಂದರಿಂದ ಆ ಪದವಿ ಪಡೆದ ಮೊದಮೊದಲ ಮಹಿಳೆಯರಲ್ಲಿ ಅವರೊಬ್ಬರು. ಆಗ ಪ್ಲಾಟ್‌ಗೆ ನಲವತ್ತರ ಮೇಲೆ ವಯಸ್ಸು, ಹತ್ತಾರು ಪ್ರಕಟಿತ ಪುಟಗಳ ಹೆಸರು, ಕೈಯಲ್ಲಿ ಡಾಕ್ಟರೇಟ್. ಇಲ್ಲದ್ದು ಒಂದೇ, ಕೆಲಸ.

ಅಮೆರಿಕಕ್ಕೆ ಮರಳಿದ ಅವರು ಬೋಧನೆಯ ಹುದ್ದೆಗಾಗಿ ಹುಡುಕಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಮೀನುಶಾಸ್ತ್ರಜ್ಞ ಡೇವಿಡ್ ಸ್ಟಾರ್ ಜೋರ್ಡನ್ ಅವರಿಗೂ ಪತ್ರ ಬರೆದರು. ಕೆಲಸವಿಲ್ಲದ ಬದುಕು ತಮಗೆ ಬದುಕೇ ಅಲ್ಲವೆಂಬ ಭಾವ, ಬೇಕಾದದ್ದು ಸಿಗದಿದ್ದರೆ ಅದರ ನಂತರದ್ದನ್ನು ಹಿಡಿಯುವೆನೆಂಬ ನಿರ್ಧಾರ ಆ ಪತ್ರದಲ್ಲಿತ್ತು. ಹುದ್ದೆ ಸಿಗಲಿಲ್ಲ. ವಿವಾದದ ಕಳಂಕ ಕಾರಣವೋ, ಹೆಣ್ಣೆಂಬುದು ಕಾರಣವೋ ಎಂದು ಬಿಡಿಸಿ ಹೇಳುವುದು ಕಷ್ಟ. ಆ ಕಾಲದಲ್ಲಿ ಎರಡನೆಯದೊಂದೇ ಸಾಕಾಗುತ್ತಿತ್ತು. 1899ರಲ್ಲಿ ಪ್ಲಾಟ್ ಪೆಸಿಫಿಕ್ ಗ್ರೋವ್‌ಗೆ ಬಂದು ನೆಲೆಸಿದರು. ಸ್ಟ್ಯಾನ್‌ಫರ್ಡ್‌ನ ಕಡಲ ಪ್ರಯೋಗಾಲಯ ಇದ್ದದ್ದೂ ಅದೇ ಊರಿನಲ್ಲಿ, ಅದೇ ಲವರ್ಸ್ ಪಾಯಿಂಟ್‌ನಲ್ಲಿ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಸೂಕ್ಷ್ಮದರ್ಶಕಗಳಿದ್ದವು, ಆದರೆ ಸಂಶೋಧಕಿಯಾಗಿ ಪ್ಲಾಟ್ ಅವರ ಬದುಕು ಅಲ್ಲಿಗೆ ಮುಗಿದಿತ್ತು.

ನಂತರದ ಮೂವತ್ತಾರು ವರ್ಷ ಅವರು ಊರಿಗೆ ಕೊಟ್ಟರು. ಕಡಲಂಚಿನ ಬಂಜರು ನೆಲದಲ್ಲಿ ಗಿಡ ನೆಟ್ಟು ತೋಟ ಮಾಡಿದರು. ಪುರಸಭೆಯ ಸಭೆಗಳಿಗೆ ತಪ್ಪದೆ ಹೋಗಿ ಲೆಕ್ಕ ಕೇಳಿದರು. ಚೂರು ಚೂರಾಗಿ ಭ್ರೂಣ ಸೀಳಿ ನೋಡಿದ ಕಣ್ಣಿಗೆ ಪುರಸಭೆಯ ಆಯವ್ಯಯದಲ್ಲಿ ಹುಳುಕು ಕಾಣದಿರುತ್ತದೆಯೇ? ಅಧಿಕಾರಿಗಳಿಗೆ ಅವರು ತಲೆನೋವಾಗಿದ್ದರೆಂಬುದರಲ್ಲಿ ಅನುಮಾನವಿಲ್ಲ.

ಮೇಯರ್ ಆದ ಮೇಲೆ ಮಾಡಿದ ಒಂದು ಕೆಲಸ ಮಾತ್ರ ಅವರ ಕಾಲವನ್ನು ಮೀರಿ ನಿಂತಿತು. ಪಕ್ಕದ ಮಾಂಟೆರೆಯಲ್ಲಿ ಸಾರ್ಡೀನ್ ಮೀನಿನ ಕಾರ್ಖಾನೆಗಳು ಹೊಗೆಯುಗುಳುತ್ತಿದ್ದವು. ತ್ಯಾಜ್ಯ ಕೊಲ್ಲಿಗೆ ಇಳಿಯುತ್ತಿತ್ತು. ಪೆಸಿಫಿಕ್ ಗ್ರೋವ್‌ನ ಮುಂದಿನ ಕಡಲನ್ನು ನೋಡಿಕೊಳ್ಳುವ ಹಕ್ಕನ್ನು ಪಟ್ಟಣಕ್ಕೇ ಕೊಡಬೇಕೆಂದು ಪ್ಲಾಟ್ ರಾಜ್ಯ ಶಾಸನಸಭೆಯನ್ನು ಒಪ್ಪಿಸಿದರು. ಅದರ ಬಲದಿಂದ 1930ರ ದಶಕದ ಆರಂಭದಲ್ಲೇ ಅಲ್ಲಿ ಕಡಲ ಜೀವಿಗಳ ಆಶ್ರಯತಾಣ ರೂಪುಗೊಂಡಿತು. ಕೆಲವು ದಶಕಗಳ ನಂತರ, ಅಳಿದೇಹೋದವೆಂದು ಬಗೆದಿದ್ದ ಕಡಲ ನೀರುನಾಯಿಗಳು ದಕ್ಷಿಣದಿಂದ ಈ ತೀರಕ್ಕೆ ಮರಳಿದಾಗ ಅವುಗಳಿಗೆ ತಿನ್ನಲು ಚಿಪ್ಪುಜೀವಿಗಳು ಉಳಿದಿದ್ದ ತಾಣಗಳಲ್ಲಿ ಇದೂ ಒಂದು. ಅದೇ ನೀರಿನಲ್ಲಿ 2007ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಹೊಸದಾಗಿ ಗುರುತಿಸಿದ ರಕ್ಷಿತ ವಲಯಕ್ಕೆ ಈಗ ಲವರ್ಸ್ ಪಾಯಿಂಟ್-ಜೂಲಿಯಾ ಪ್ಲಾಟ್ ಎಂಬ ಹೆಸರಿದೆ.

1935ರಲ್ಲಿ ಪ್ಲಾಟ್ ತೀರಿಕೊಂಡರು. ಅವರ ಇಚ್ಛೆಯಂತೆ ಶವವನ್ನು ದೋಣಿಯಲ್ಲಿ ದೂರ ಒಯ್ದು ಕಡಲಿಗೇ ಒಪ್ಪಿಸಲಾಯಿತು. ದವಡೆಯ ಮೃದ್ವಸ್ಥಿಯ ವಿವಾದ ಆಗಲೂ ಇತ್ಯರ್ಥವಾಗಿರಲಿಲ್ಲ.

1920ರ ದಶಕದಿಂದಲೇ ಉಭಯವಾಸಿಗಳ ಭ್ರೂಣದಿಂದ ಶಿಖೆಯನ್ನು ಕತ್ತರಿಸಿ ತೆಗೆಯುವ, ಬೇರೆಡೆ ನೆಡುವ ಪ್ರಯೋಗಗಳು ಪ್ಲಾಟ್ ಪರವಾಗಿ ಮಾತನಾಡತೊಡಗಿದ್ದವು. ಸ್ವೀಡನ್ನಿನ ಸ್ವೆನ್ ಹೋರ್ಸ್ಟಾಡಿಯಸ್ ಮತ್ತು ಸ್ವೆನ್ ಸೆಲ್ಮನ್ 1940ರ ದಶಕದಲ್ಲಿ ಜೀವಂತ ಕೋಶಗಳಿಗೆ ಬಣ್ಣ ಹಚ್ಚಿ ಅವುಗಳ ಪಯಣವನ್ನು ಹಿಂಬಾಲಿಸಿದರು. ಬಣ್ಣ ಹೋಗಿ ಸೇರಿದ್ದು ದವಡೆಗೇ. ಹೋರ್ಸ್ಟಾಡಿಯಸ್ 1950ರಲ್ಲಿ ನರಶಿಖೆಯ ಬಗ್ಗೆ ಬರೆದ ಪುಸ್ತಕ ಬಂದ ಮೇಲೆ ವಿರೋಧದ ದನಿ ಅಡಗಿತು. ಪ್ಲಾಟ್ ತೀರಿಕೊಂಡು ಆಗ ಹದಿನೈದು ವರ್ಷ. 1969ರಲ್ಲಿ ಫ್ರಾನ್ಸಿನ ನಿಕೋಲ್ ಲ ದುವಾರೆಂ ಕ್ವೇಲ್ ಹಕ್ಕಿಯ ಕೋಶಗಳನ್ನು ಕೋಳಿಯ ಭ್ರೂಣದಲ್ಲಿ ನೆಟ್ಟು ಗುರುತಿಸುವ ವಿಧಾನ ಕಂಡುಹಿಡಿದ ಮೇಲೆ ಹಕ್ಕಿಗಳ ಶಿಖೆಯ ನಕ್ಷೆಯೂ ಸಿದ್ಧವಾಯಿತು. ಮುಖದ ಮೂಳೆಗಳಷ್ಟೇ ಅಲ್ಲ, ಚರ್ಮದ ಬಣ್ಣ ಕೊಡುವ ಕೋಶಗಳು, ಕರುಳನ್ನು ಆಡಿಸುವ ನರಗಳು, ಅಡ್ರಿನಲ್ ಗ್ರಂಥಿಯ ತಿರುಳು, ಹೃದಯದಿಂದ ಹೊರಡುವ ಮಹಾಧಮನಿಯ ಗೋಡೆಯ ಭಾಗ, ಎಲ್ಲದರಲ್ಲೂ ಶಿಖೆಯ ವಲಸಿಗರು!

ಸಸ್ತನಿಗಳ ಮಾತು ಬೇರೆ. ಸಾಲಮಾಂಡರ್ ನೀರಿನಲ್ಲಿ ಬೆಳೆಯುತ್ತದೆ, ಕೋಳಿಯ ಮೊಟ್ಟೆಗೆ ಕಿಟಕಿ ಕೊರೆಯಬಹುದು. ಇಲಿಯ ಭ್ರೂಣ ತಾಯಿಯ ಗರ್ಭದೊಳಗೆ ಬೆಸೆದುಕೊಂಡಿರುತ್ತದೆ. ಇಲಿಯಲ್ಲಿ ಗರ್ಭದ ಎಂಟನೆಯ ದಿನದ ಹೊತ್ತಿಗೆ, ಮನುಷ್ಯರಲ್ಲಿ ನಾಲ್ಕನೆಯ ವಾರದ ಆಸುಪಾಸಿನಲ್ಲಿ ಶಿಖೆಯ ಕೋಶಗಳು ಹೊರಡುತ್ತವೆ. ಅಲ್ಲಿ ಕತ್ತರಿ ಹಾಕಿ, ಬಣ್ಣ ಬಳಿದು, ಕೊನೆಯವರೆಗೆ ಹಿಂಬಾಲಿಸುವುದು ಬಹು ಕಷ್ಟ. ಇಲ್ಲಿ ನೆರವಿಗೆ ಬಂದದ್ದು ವಂಶವಾಹಿ.

ಡಬ್ಲ್ಯುಎನ್‌ಟಿ-1 ಎಂಬ ವಂಶವಾಹಿ ಭ್ರೂಣದ ನರಕೊಳವೆಯ ಮೇಲಂಚಿನಲ್ಲಿ, ಶಿಖೆ ಹುಟ್ಟುವ ಜಾಗದಲ್ಲಿ, ಸ್ವಲ್ಪ ಹೊತ್ತು ಎಚ್ಚರವಾಗಿರುತ್ತದೆ. ಅದರ ಸ್ವಿಚ್ಚಿಗೆ ಕ್ರೆ ಎಂಬ ಕಿಣ್ವವನ್ನು ಜೋಡಿಸಿದ ಇಲಿಗಳನ್ನು ವಿಜ್ಞಾನಿಗಳು ತಯಾರಿಸಿದರು. ಆ ಕಿಣ್ವ ಕೋಶದ ಡಿಎನ್‌ಎಯಲ್ಲಿಟ್ಟ ಒಂದು ತಡೆಯನ್ನು ಒಮ್ಮೆ ಕತ್ತರಿಸಿ ತೆಗೆದರೆ ಸಾಕು, ಆ ಕೋಶವೂ ಅದರ ಮಕ್ಕಳು ಮೊಮ್ಮಕ್ಕಳೂ ಪರೀಕ್ಷೆಯಲ್ಲಿ ನೀಲಿಯಾಗಿ ಕಾಣುತ್ತವೆ. ಹಳದಿಯ ಕಣದಂತೆ ಇದು ಕರಗುವುದಿಲ್ಲ, ಹಚ್ಚಿದ ಬಣ್ಣದಂತೆ ತೆಳುವಾಗುವುದೂ ಇಲ್ಲ. 2000ದಲ್ಲಿ ಅಮೆರಿಕದ ಸಂಶೋಧಕರು ಇಂಥ ಇಲಿಗಳ ದವಡೆ ಮತ್ತು ಹಲ್ಲುಗಳನ್ನು ಪರೀಕ್ಷಿಸಿದರು. ಕೆಳದವಡೆಯ ಮೃದ್ವಸ್ಥಿಯಲ್ಲಿ ನೀಲಿ, ದಂತದ್ರವ್ಯ ಕಟ್ಟುವ ಕೋಶಗಳಲ್ಲಿ ನೀಲಿ. ನೂರೇಳು ವರ್ಷಗಳ ಹಿಂದೆ ಪ್ಲಾಟ್ ಹೆಸರಿಸಿದ್ದು ಇವೇ ಎರಡು ಅಂಗಾಂಶಗಳನ್ನು.

ಕೋಶಗಳು ಎಲ್ಲಿಗೆ ಹೋಗುತ್ತವೆ ಎಂಬುದು ಇತ್ಯರ್ಥವಾದರೆ, ಅವುಗಳನ್ನು ಕಳಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ನರಪಟ್ಟಿಗೂ ಚರ್ಮಕ್ಕೂ ನಡುವಿನ ಗಡಿಯಲ್ಲಿ ಡಬ್ಲ್ಯುಎನ್‌ಟಿ, ಬಿಎಂಪಿ ಮುಂತಾದ ಸಂಕೇತಗಳು ಬೆರೆಯುತ್ತವೆ. ಅವುಗಳ ಪ್ರಭಾವದಲ್ಲಿ ಪ್ಯಾಕ್ಸ್-3ರಂಥ ವಂಶವಾಹಿಗಳು ಎದ್ದು ಗಡಿಯನ್ನು ಗುರುತಿಸುತ್ತವೆ. ಅವು ಸಾಕ್ಸ್-9, ಸಾಕ್ಸ್-10, ಫಾಕ್ಸ್-ಡಿ3ರಂಥ ಇನ್ನೊಂದು ತಂಡವನ್ನು ಎಬ್ಬಿಸುತ್ತವೆ. ಆಗ ಕೋಶ ಅಕ್ಕಪಕ್ಕದವುಗಳ ಹಿಡಿತ ಬಿಡಿಸಿಕೊಂಡು ನಡೆಯತೊಡಗುತ್ತದೆ.

ಈ ಸರಪಳಿಯ ಕೊಂಡಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇಲಿಗಳೇ ತೋರಿಸಿವೆ. ಹೊಟ್ಟೆಯ ಮೇಲೆ ಬಿಳಿ ಮಚ್ಚೆ ಇರುವ ಸ್ಪ್ಲಾಚ್ ಎಂಬ ಇಲಿ ತಳಿ ಬಹುಕಾಲದಿಂದ ಪ್ರಯೋಗಾಲಯಗಳಲ್ಲಿತ್ತು. ಅದರ ದೋಷ ಪ್ಯಾಕ್ಸ್-3ರಲ್ಲಿದೆ ಎಂದು 1991ರಲ್ಲಿ ತಿಳಿಯಿತು. ಮರುವರ್ಷವೇ ಅದೇ ವಂಶವಾಹಿಯ ದೋಷ ವಾರ್ಡನ್‌ಬರ್ಗ್ ಸಿಂಡ್ರೋಮ್ ಇರುವ ಮನುಷ್ಯರಲ್ಲಿ ಸಿಕ್ಕಿತು. ಹಣೆಯ ಮೇಲೊಂದು ಬಿಳಿಗೂದಲ ಎಸಳು, ತಿಳಿನೀಲಿ ಕಣ್ಣು, ಕೆಲವರಲ್ಲಿ ಹುಟ್ಟುಕಿವುಡು. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವೇ ಇಲ್ಲದ ಈ ಲಕ್ಷಣಗಳನ್ನು ಒಂದುಗೂಡಿಸುವುದು ದಾರಿಯಲ್ಲಿ ಕಡಿಮೆ ಬಿದ್ದ ಶಿಖೆಯ ಕೋಶಗಳು. ಅವು ಕರುಳಿನ ತುದಿಯವರೆಗೆ ತಲುಪದಿದ್ದರೆ ಹುಟ್ಟುವ ಶಿಶುವಿಗೆ ಹಿರ್ಷ್‌ಸ್ಪ್ರುಂಗ್ ಕಾಯಿಲೆ. ನರವಿಲ್ಲದ ಕರುಳು ಮಲವನ್ನು ಮುಂದೆ ತಳ್ಳಲಾರದು, ಶಸ್ತ್ರಚಿಕಿತ್ಸೆಯೇ ಗತಿ. ಅದರ ಮುಖ್ಯ ವಂಶವಾಹಿ ರೆಟ್ ಎಂದು 1994ರಲ್ಲಿ ಗೊತ್ತಾಯಿತು.

ಇನ್ನೂ ಸೋಜಿಗದ್ದು ಹಾಕ್ಸ್-ಎ2ರ ಕಥೆ. 1993ರಲ್ಲಿ ಈ ವಂಶವಾಹಿಯನ್ನು ಅಳಿಸಿದ ಇಲಿಗಳಲ್ಲಿ ಎರಡನೆಯ ಕಮಾನಿನ ಶಿಖೆಯ ಕೋಶಗಳು ತಾವು ಮೊದಲ ಕಮಾನಿನವೆಂದು ಬಗೆದು ಕೆಲಸ ಮಾಡಿದವು. ಕಿವಿಯೊಳಗಿನ ಪುಟ್ಟ ಮೂಳೆಗಳಲ್ಲಿ ಸ್ಟೇಪ್ಸ್ ಮೂಡಲೇ ಇಲ್ಲ. ಅದರ ಬದಲಿಗೆ ಮ್ಯಾಲಿಯಸ್ ಮತ್ತು ಇಂಕಸ್ ಕನ್ನಡಿಯ ಬಿಂಬದಂತೆ ಇಮ್ಮಡಿಯಾಗಿದ್ದವು. ಸರೀಸೃಪಗಳಲ್ಲಿ ದವಡೆಯ ಕೀಲಾಗಿರುವ ಮೂಳೆಗಳೇ ಸಸ್ತನಿಗಳಲ್ಲಿ ಕಿವಿಗೆ ಸೇರಿ ಮ್ಯಾಲಿಯಸ್, ಇಂಕಸ್ ಆಗಿರುವುದು.

ಮುಖದ ಮೂಳೆಗಳು ಕುಂಠಿತವಾಗುವ ಟ್ರೀಚರ್ ಕಾಲಿನ್ಸ್ ಸಿಂಡ್ರೋಮ್‌ನಲ್ಲಿ ದೋಷವಿರುವ ಮುಖ್ಯ ವಂಶವಾಹಿ 1996ರಲ್ಲಿ ಪತ್ತೆಯಾಯಿತು. ಅಲ್ಲಿ ಶಿಖೆಯಾಗಬೇಕಾದ ಕೋಶಗಳು ಹೊರಡುವ ಮುನ್ನವೇ ಗುಂಪಾಗಿ ಸಾಯುತ್ತವೆ. ಆ ಸಾವಿಗೆ ಆಜ್ಞೆ ಕೊಡುವ ಪಿ53 ಎಂಬ ಪ್ರೋಟೀನನ್ನು ತಡೆದರೆ ಇಲಿಯ ಭ್ರೂಣದಲ್ಲಿ ಮುಖ ಬಹುಮಟ್ಟಿಗೆ ಸರಿಯಾಗಿ ರೂಪುಗೊಳ್ಳುತ್ತದೆ ಎಂದು 2008ರಲ್ಲಿ ತೋರಿಸಲಾಯಿತು. ಪಿ53 ಕ್ಯಾನ್ಸರನ್ನು ತಡೆಯುವ ಕಾವಲುಗಾರನೂ ಹೌದಾದ್ದರಿಂದ ಇದನ್ನು ಹಾಗೆಯೇ ಮನುಷ್ಯರ ಚಿಕಿತ್ಸೆಗೆ ತರುವಂತಿಲ್ಲ.

ಒಂದು ಪ್ರಾಣಿಯಲ್ಲಿ ಕಂಡದ್ದನ್ನು ಇನ್ನೊಂದಕ್ಕೆ ಎಷ್ಟು ದೂರ ಅನ್ವಯಿಸಬಹುದು ಎಂಬ ಹಳೆಯ ಪ್ರಶ್ನೆಯೂ ಹೊಸ ವೇಷದಲ್ಲಿ ಮರಳಿದೆ. ಸ್ನೇಲ್ ಕುಟುಂಬದ ವಂಶವಾಹಿಗಳಿಲ್ಲದೆ ಶಿಖೆಯ ಕೋಶಗಳು ಕಳಚಿಕೊಳ್ಳಲಾರವು ಎಂಬುದು ಕಪ್ಪೆ ಮತ್ತು ಕೋಳಿಯ ಪ್ರಯೋಗಗಳಿಂದ ಬಂದ ತಿಳಿವಳಿಕೆ. 2006ರಲ್ಲಿ ಆ ವಂಶವಾಹಿಗಳನ್ನು ತೆಗೆದುಹಾಕಿದ ಇಲಿಯ ಭ್ರೂಣಗಳನ್ನು ಪರೀಕ್ಷಿಸಿದಾಗ, ದೇಹದ ಎಡಬಲ ಅದಲುಬದಲಾಗಿತ್ತು. ಶಿಖೆಯ ಕೋಶಗಳು ಮಾತ್ರ ಎಂದಿನಂತೆ ಹುಟ್ಟಿ, ಎಂದಿನಂತೆ ದವಡೆಯ ಕಡೆಗೆ ಹೊರಟಿದ್ದವು.